ಪಾಯಿಂಟ್ ತೆಗೆಯುವ ಮೊದಲು

ಹಳೇ ಕಾರಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವ ಬಗ್ಗೆ ಮಾಡಿದ ಭಾಷಣದ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಈ ತುಂಡನ್ನು ಕೈಯಿಂದ ಕೈಗೆ ದಾಟಿಸಿ. ಇದು ನನ್ನ ಕಾರಿನಿಂದ ತೆಗೆದ ಪಾಯಿಂಟ್ ಸೆಟ್, ಅಂದರೆ ಪೆಟ್ರೋಲ್ ಹೊತ್ತಿಸುವ ಕಿಡಿಗಾಗಿ ಕರೆಂಟ್ ಹರಿಸಿ ಕಡಿಯುವ ಪುಟ್ಟ ಸ್ವಿಚ್. ಎರಡು ಮುಖಗಳನ್ನು ಬೆರಳಲ್ಲಿ ಸ್ವಲ್ಪ ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ಒಂದರ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆ ಎದ್ದಿದೆ. ಅದರ ಎದುರಿಗೆ, ಇನ್ನೊಂದರಲ್ಲಿ, ಅಷ್ಟೇ ಅಳತೆಯ ಗುಳಿ ಬಿದ್ದಿದೆ. ಒಂದು ಮುಖದ ಲೋಹ ಕಿಡಿಯ ಜೊತೆ ಸ್ವಲ್ಪ ಸ್ವಲ್ಪವೇ ಹೋಗಿ ಇನ್ನೊಂದರ ಮೇಲೆ ಕೂತಿದೆ. ಈಗ ಪಕ್ಕದ ಕಂದು ಬಣ್ಣದ ಹಿಮ್ಮಡಿ ನೋಡಿ. ಕ್ಯಾಮ್, ಅಂದರೆ ತಿರುಗುತ್ತಾ ಪಾಯಿಂಟ್ ಬಿಡಿಸುವ ಮೂಲೆಗಳಿರುವ ದಂಡ, ಉಜ್ಜಿ ಉಜ್ಜಿ ಅದರ ತುದಿ ಚಪ್ಪಟೆಯಾಗಿದೆ.

ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವುದು ಅಂದರೆ ಈ ತುಂಡಿನ ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸುವುದು. ಅಷ್ಟೇ. ಆದರೆ ಆ 'ಅಷ್ಟೇ'ಯನ್ನು ತುಂಬಾ ಜನ ಗಮನಿಸುವುದಿಲ್ಲ. ಗಾಡಿ ಎಳೀತಿಲ್ಲ, ಮಿಸ್ಸಿಂಗ್ ಇದೆ, ಬಿಸಿಯಾದ ಮೇಲೆ ಸ್ಟಾರ್ಟ್ ಆಗಲ್ಲ, ಒಂದು ಕಿಟ್ ಹಾಕಿದರೆ ಎಲ್ಲಾ ಸರಿಹೋಗುತ್ತೆ ಅಂದುಕೊಂಡು ಬರುತ್ತಾರೆ. ಇವತ್ತು ನಾನು ಒತ್ತಿ ಹೇಳಬೇಕಾದ್ದು ಒಂದೇ ಮಾತು. ಮೊದಲು ಪಾಯಿಂಟ್ ಮೇಲೇ ಗಾಡಿ ಚೆನ್ನಾಗಿ ಓಡುವ ಹಾಗೆ ಮಾಡಿ. ಆಮೇಲೆ ಪಾಯಿಂಟ್ ತೆಗೆಯಿರಿ.

ಯಾಕೆ ಅಂತ ಹೇಳಲು ಕಿಡಿ ಹುಟ್ಟುವ ಬಗೆಯನ್ನು ಒಮ್ಮೆ ನೋಡೋಣ. ಅಮೆರಿಕದ ಚಾರ್ಲ್ಸ್ ಕೆಟ್ಟರಿಂಗ್ ರೂಪಿಸಿದ ಬ್ಯಾಟರಿ ಇಗ್ನಿಷನ್ 1910ರ ಕ್ಯಾಡಿಲ್ಯಾಕ್ ಕಾರಿಗೆ ಬಂತು. ಅಲ್ಲಿಂದ ಅರವತ್ತು ವರ್ಷಕ್ಕೂ ಜಾಸ್ತಿ ಕಾಲ ಲೋಕದ ಬಹುಪಾಲು ಪೆಟ್ರೋಲ್ ಕಾರುಗಳು ಅದೇ ದಾರಿ ಹಿಡಿದವು. ಕಾಯಿಲ್ ಒಳಗೆ ಎರಡು ಸುತ್ತುಗಳಿವೆ. ಒಂದು ದಪ್ಪ ತಂತಿಯದು, ಸುತ್ತು ಕಡಿಮೆ. ಇನ್ನೊಂದು ಕೂದಲಿನಂಥ ತಂತಿಯದು, ಅದಕ್ಕೆ ಸುಮಾರು ನೂರು ಪಟ್ಟು ಸುತ್ತು. ಪಾಯಿಂಟ್ ಮುಚ್ಚಿದಾಗ ಬ್ಯಾಟರಿಯ ಕರೆಂಟ್ ದಪ್ಪ ಸುತ್ತಿನಲ್ಲಿ ಹರಿದು ಕಾಯಿಲ್ ಅಯಸ್ಕಾಂತವಾಗುತ್ತದೆ. ನಲ್ಲಿ ಕೆಳಗೆ ಕೊಡ ಇಟ್ಟ ಹಾಗೆ, ತುಂಬಲು ಸ್ವಲ್ಪ ಹೊತ್ತು ಬೇಕು. ಕ್ಯಾಮ್ ಬಂದು ಪಾಯಿಂಟ್ ಬಿಡಿಸಿದ ಕೂಡಲೇ ಕರೆಂಟ್ ಕಡಿಯುತ್ತದೆ, ಅಯಸ್ಕಾಂತ ಕುಸಿಯುತ್ತದೆ. ಆ ಕುಸಿತಕ್ಕೇ ದಪ್ಪ ಸುತ್ತಿನಲ್ಲಿ ಕೆಲವು ನೂರು ವೋಲ್ಟ್ ಏಳುತ್ತದೆ. ತೆಳು ಸುತ್ತಿನಲ್ಲಿ ಅದು ಹತ್ತಿಪ್ಪತ್ತು ಸಾವಿರ ವೋಲ್ಟ್ ಆಗಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ.

ಗಮನಿಸಿದಿರಾ? ಕಿಡಿ ಬರುವುದು ಪಾಯಿಂಟ್ ಮುಚ್ಚಿದಾಗ ಅಲ್ಲ, ಬಿಟ್ಟಾಗ. ಎಷ್ಟು ಚುರುಕಾಗಿ, ಎಷ್ಟು ಪೂರ್ತಿಯಾಗಿ ಬಿಡುತ್ತದೆ ಅನ್ನುವುದರ ಮೇಲೆ ಕಿಡಿಯ ಬಲ ನಿಂತಿದೆ. ಪಾಯಿಂಟ್ ಬಿಡುವ ಹೊತ್ತಿನಲ್ಲಿ ಅದರ ಮುಖಗಳ ನಡುವೆಯೇ ಕಿಡಿ ಹಾರಿ ಕರೆಂಟ್ ಮುಂದುವರಿದರೆ ಪ್ಲಗ್‌ಗೆ ಉಳಿಯುವುದು ಕಡಿಮೆ. ಅದನ್ನು ತಡೆಯಲು ಪಕ್ಕದಲ್ಲಿ ಸುಮಾರು 0.2 ಮೈಕ್ರೋಫ್ಯಾರಡ್‌ನ ಕಂಡೆನ್ಸರ್ ಇದೆ. ಅದು ಚೆನ್ನಾಗಿದ್ದರೂ ಮುಖಗಳು ಸ್ವಲ್ಪ ಸುಟ್ಟೇ ಸುಡುತ್ತವೆ. ಈಗ ನಿಮ್ಮ ಕೈಯಲ್ಲಿರುವ ಗುಳ್ಳೆ, ಗುಳಿ ಹುಟ್ಟಿದ್ದು ಹಾಗೆ.

ಒಂದು ಸಣ್ಣ ಲೆಕ್ಕ ಹಾಕೋಣ. ನಾಲ್ಕು ಸಿಲಿಂಡರ್‌ನ ಇಂಜಿನ್ 3000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3000 ಸುತ್ತಿನಲ್ಲಿ, ಓಡುತ್ತಿದೆ. ಒಂದು ಸುತ್ತಿಗೆ ಎರಡು ಕಿಡಿ. ಅಂದರೆ ನಿಮಿಷಕ್ಕೆ 6000, ಸೆಕೆಂಡಿಗೆ 100. ಒಂದು ಗಂಟೆ ಹೀಗೇ ಓಡಿಸಿದರೆ ಈ ಪುಟ್ಟ ತುಂಡು 3,60,000 ಸಲ ಮುಚ್ಚಿ ತೆರೆದಿರುತ್ತದೆ. ಪ್ರತಿ ಸಲವೂ ಸುಮಾರು 4 ಆಂಪಿಯರ್ ಕರೆಂಟ್ ಕಡಿದಿರುತ್ತದೆ. ನನಗಂತೂ ಇದರ ಮೇಲೆ ತುಂಬಾ ಗೌರವ ಇದೆ.

ಆದರೆ ಸವೆತ ತಪ್ಪಲ್ಲ. ಹಿಮ್ಮಡಿ ಸವೆದಂತೆ ಪಾಯಿಂಟ್ ಗ್ಯಾಪ್ ಕಿರಿದಾಗುತ್ತದೆ. ಪಾಯಿಂಟ್ ಮುಚ್ಚಿರುವ ಹೊತ್ತು ಜಾಸ್ತಿಯಾಗುತ್ತದೆ, ತೆರೆಯುವುದು ತಡವಾಗುತ್ತದೆ. ಪಾಯಿಂಟ್ ಮುಚ್ಚಿರುವ ಕೋನಕ್ಕೆ ಡ್ವೆಲ್ ಅಂತಾರೆ. ಡ್ವೆಲ್ ಒಂದು ಡಿಗ್ರಿ ಬದಲಾದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಕೂಡ ಇಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್‌ನಲ್ಲಿ ಒಂದು ಡಿಗ್ರಿ ಬದಲಾಗುತ್ತದೆ. 60 ಇದ್ದದ್ದು 66 ಆಯಿತು ಅಂದರೆ ಟೈಮಿಂಗ್ 6 ಡಿಗ್ರಿ ಹಿಂದೆ ಬಿತ್ತು. ನೀವು ಏನೂ ಮುಟ್ಟಿಲ್ಲ, ಆದರೂ ಗಾಡಿ ಮಂದ. ಇದು ದಿನ ದಿನಕ್ಕೆ ಸ್ವಲ್ಪ ಸ್ವಲ್ಪವೇ ಆಗುವುದರಿಂದ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಎಲೆಕ್ಟ್ರಾನಿಕ್ ಇಗ್ನಿಷನ್‌ನ ದೊಡ್ಡ ಲಾಭ ಇರುವುದು ಇಲ್ಲೇ. ಪಾಯಿಂಟೇ ಇಲ್ಲದ ಕಿಟ್‌ನಲ್ಲಿ ಉಜ್ಜುವ ಹಿಮ್ಮಡಿ ಇಲ್ಲ. ಇವತ್ತು ಕಟ್ಟಿದ ಟೈಮಿಂಗ್ ವರ್ಷ ಕಳೆದರೂ ಅಲ್ಲೇ ಇರುತ್ತದೆ.

"ಕಿಡಿ ಜೋರಾಗುತ್ತಾ?" ಅಂತ ಎಲ್ಲರೂ ಕೇಳುತ್ತಾರೆ. ಅದೇ ಹಳೇ ಕಾಯಿಲ್ ಇಟ್ಟು ಸರಳ ಕಿಟ್ ಹಾಕಿದರೆ, ಹೊಸ ಪಾಯಿಂಟ್, ಒಳ್ಳೆ ಕಂಡೆನ್ಸರ್ ಕೊಡುವ ಕಿಡಿಗಿಂತ ಭಾರೀ ವ್ಯತ್ಯಾಸ ಕಾಣಲ್ಲ. ಯಾಕೆಂದರೆ ಕಿಡಿಯ ಶಕ್ತಿ ಬರುವುದು ಕಾಯಿಲ್‌ನಿಂದ. ಆದರೆ ಹೊಸ ಪಾಯಿಂಟ್ ಹೊಸದಾಗೇ ಉಳಿಯಲ್ಲ, ಅಲ್ವಾ? ಕಿಟ್ ಕೊಡುವುದು ಪ್ರತಿ ಸಲವೂ ಒಂದೇ ಥರದ ಕಿಡಿ. ಐಡ್ಲಿಂಗ್ ನಯವಾಗುತ್ತದೆ, ತಣ್ಣಗಿದ್ದಾಗ ಬೇಗ ಸ್ಟಾರ್ಟ್ ಆಗುತ್ತದೆ. ಅದಕ್ಕಿಂತ ಜಾಸ್ತಿ ಪವರ್ ಬರುತ್ತೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಿಮ್ಮ ಗಾಡಿಗೆ ನಿಜವಾಗಿ ಪವರ್ ಬಂದಂತೆ ಅನಿಸಿದರೆ, ಮುಂಚೆ ಟೈಮಿಂಗ್ ಹಿಂದೆ ಬಿದ್ದಿತ್ತು ಅಂತ ಅರ್ಥ.

ಈಗ ಬಗೆಗಳು. ಪಾಯಿಂಟ್ ಉಳಿಸಿಕೊಂಡು, ಕಾಯಿಲ್‌ನ ದೊಡ್ಡ ಕರೆಂಟನ್ನು ಮಾತ್ರ ಟ್ರಾನ್ಸಿಸ್ಟರ್‌ಗೆ ಕೊಡುವುದು ಒಂದು. ಮುಖಗಳು ಸುಡುವುದು ನಿಲ್ಲುತ್ತದೆ, ಹಿಮ್ಮಡಿ ಸವೆಯುವುದು ನಿಲ್ಲಲ್ಲ. ಡಿಸ್ಟ್ರಿಬ್ಯೂಟರ್, ಅಂದರೆ ಪಾಯಿಂಟ್ ಕೂತಿರುವ, ಕಿಡಿಯನ್ನು ಪ್ಲಗ್‌ಗಳಿಗೆ ಹಂಚುವ ಡಬ್ಬಿಯ ಒಳಗೆ ಎಲ್ಲಾ ಹಳೇದೇ ಇರಬೇಕು ಅನ್ನುವವರಿಗೆ ಇದು ಒಳ್ಳೇದು. ಬೆಳಕಿನ ಕಣ್ಣು ಇಟ್ಟು, ತಿರುಗುವ ಬಿಲ್ಲೆ ಆ ಬೆಳಕಿಗೆ ಅಡ್ಡ ಬರುವ ಹಾಗೆ ಮಾಡುವುದು ಇನ್ನೊಂದು. ಹಲ್ಲಿನ ಚಕ್ರದ ಪಕ್ಕ ಸಣ್ಣ ತಂತಿ ಸುತ್ತು ಇಡುವುದೂ ಇದೆ. 1973ರ ಕ್ರೈಸ್ಲರ್ ಕಾರುಗಳಿಗೆ ಕಂಪನಿಯಿಂದಲೇ ಬಂದದ್ದು ಈ ಥರದ್ದು. ಈಗ ಹಳೇ ಕಾರಿಗೆ ಹಾಕಲು ಜಾಸ್ತಿ ಸಿಗುವುದು ಹಾಲ್ ಸೆನ್ಸರ್ ಕಿಟ್. ಕರೆಂಟ್ ಹರಿಯುವ ಲೋಹದ ಹತ್ತಿರ ಅಯಸ್ಕಾಂತ ತಂದರೆ ಅಡ್ಡಲಾಗಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ ಅಂತ ಎಡ್ವಿನ್ ಹಾಲ್ 1879ರಲ್ಲಿ ಕಂಡುಕೊಂಡಿದ್ದ. ಕ್ಯಾಮ್ ಮೇಲೆ ಕೂರುವ ಉಂಗುರದಲ್ಲಿ ಅಯಸ್ಕಾಂತಗಳಿವೆ. ಪಾಯಿಂಟ್ ಇದ್ದ ಜಾಗದಲ್ಲಿ ಬೆರಳುಗಾತ್ರದ ಮಾಡ್ಯೂಲ್ ಕೂರುತ್ತದೆ. ಹೊರಗೆ ಬರುವುದು ಎರಡೇ ವೈರ್. ನನ್ನ ಕಾರಿನಲ್ಲಿರುವುದೂ ಇದೇ, ಹಾಗಾಗಿ ಮುಂದಿನ ಮಾತೆಲ್ಲ ಇದರ ಬಗ್ಗೆ. ಬ್ಯಾಟರಿ ಇಲ್ಲದೆ ತಾನೇ ಕಿಡಿಗೆ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೋ ಇರುವ ಇನ್ನೂ ಹಳೇ ಕಾರುಗಳ ದಾರಿಯೇ ಬೇರೆ. ಅವಕ್ಕೆ ಈ ಕಿಟ್ ಹೊಂದುವುದಿಲ್ಲ.

ಕಿಟ್ ಪೊಟ್ಟಣ ಬಿಚ್ಚುವ ಮುಂಚೆ ಡಿಸ್ಟ್ರಿಬ್ಯೂಟರ್ ಆರೋಗ್ಯ ನೋಡಿ. ಕ್ಯಾಪ್ ತೆಗೆದು, ತಿರುಗುತ್ತಾ ಕಿಡಿ ಹಂಚುವ ರೋಟರ್ ಕೂರುವ ಶಾಫ್ಟನ್ನು ಎರಡು ಬೆರಳಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಕೈಗೆ ಆಟ ಸಿಕ್ಕಿದರೆ ಶಾಫ್ಟನ್ನು ಹಿಡಿದಿರುವ ಬುಷ್ ಸವೆದಿದೆ. ಹಾಲ್ ಸೆನ್ಸರ್ ಈ ಆಟವನ್ನು ಪಾಯಿಂಟ್‌ಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ ನಿಜ, ಆದರೆ ಬುಷ್ ಹಾಳಾಗಿದ್ದರೆ ಉಂಗುರ ಹೋಗಿ ಮಾಡ್ಯೂಲ್‌ಗೇ ತಗುಲಬಹುದು. ಆಮೇಲೆ ರೋಟರನ್ನು ಅದು ತಿರುಗುವ ದಿಕ್ಕಿಗೆ ಮೆಲ್ಲಗೆ ತಿರುಗಿಸಿ ಬಿಡಿ. ಸ್ಪ್ರಿಂಗ್ ಅದನ್ನು ತಾನೇ ಹಿಂದಕ್ಕೆ ಎಳೆದುಕೊಳ್ಳಬೇಕು. ಅರ್ಧಕ್ಕೇ ನಿಂತರೆ ಕೆಳಗಿನ ತೂಕಗಳು ತುಕ್ಕು ಹಿಡಿದಿವೆ ಅಥವಾ ಜಿಡ್ಡು ಗಟ್ಟಿಯಾಗಿದೆ. ವೇಗ ಹೆಚ್ಚಿದಂತೆ ಕಿಡಿ ಇನ್ನೂ ಬೇಗ ಹಾರುವ ಹಾಗೆ ಮಾಡುವುದು ಈ ತೂಕಗಳ ಕೆಲಸ. ಕಿಟ್ ಅದನ್ನು ಮುಟ್ಟುವುದೇ ಇಲ್ಲ. ಇಂಜಿನ್‌ನ ಎಳೆತಕ್ಕೆ ತಕ್ಕಂತೆ ಟೈಮಿಂಗ್ ಬದಲಿಸಲು ಡಿಸ್ಟ್ರಿಬ್ಯೂಟರ್‌ಗೆ ಬರುವ ವ್ಯಾಕ್ಯೂಮ್ ಪೈಪ್‌ನ ತುದಿ ಬಾಯಲ್ಲಿಟ್ಟು ಉಸಿರು ಎಳೆದು ನಾಲಿಗೆಯಿಂದ ಮುಚ್ಚಿ. ಒಳಗೆ ಪಾಯಿಂಟ್ ಕೂತಿರುವ ಪ್ಲೇಟ್ ಸರಿದು ಅಲ್ಲೇ ನಿಲ್ಲಬೇಕು. ತಕ್ಷಣ ವಾಪಸ್ ಬಂದರೆ ಅದನ್ನು ಎಳೆಯುವ ಪೊರೆ, ಡಯಾಫ್ರಾಮ್, ತೂತಾಗಿದೆ.

ಕ್ಯಾಪ್ ಒಳಗೆ ಪೆನ್ಸಿಲ್ ಗೆರೆಯಂಥ ಕಪ್ಪು ದಾರಿ ಇದೆಯಾ ನೋಡಿ. ಇದ್ದರೆ ಕಿಡಿ ಆ ಗೆರೆ ಹಿಡಿದು ಹೋಗುತ್ತಿದೆ, ಕ್ಯಾಪ್ ಬದಲಿಸಿ. ಪ್ಲಗ್ ವೈರ್‌ಗಳ ಬಗ್ಗೆ ಇನ್ನೊಂದು ಮಾತು. ತುಂಬಾ ಹಳೇ ಕಾರುಗಳಲ್ಲಿ ಒಳಗೆ ಬರೀ ತಾಮ್ರದ ತಂತಿ ಇರುತ್ತದೆ. ಪಾಯಿಂಟ್‌ಗೆ ಅದು ತೊಂದರೆಯಲ್ಲ. ಆದರೆ ಅದರಿಂದ ಏಳುವ ವಿದ್ಯುತ್ ಗದ್ದಲ ಮಾಡ್ಯೂಲ್‌ನ ತಲೆ ಕೆಡಿಸುತ್ತದೆ. ರೆಸಿಸ್ಟೆನ್ಸ್ ಇರುವ ವೈರ್ ಹಾಕಿ.

ಇಷ್ಟು ಮಾಡಿ, ಹೊಸ ಪಾಯಿಂಟ್ ಹಾಕಿ, ಗ್ಯಾಪ್ ಕಟ್ಟಿ ನಾಲ್ಕು ದಿನ ಓಡಿಸಿ. ಹಳೇ ಇಂಗ್ಲಿಷ್ ಕಾರುಗಳ ಲ್ಯೂಕಾಸ್ ಡಿಸ್ಟ್ರಿಬ್ಯೂಟರ್‌ಗಳಲ್ಲಿ ಆ ಗ್ಯಾಪ್ ಸಾಮಾನ್ಯವಾಗಿ 0.35ರಿಂದ 0.40 ಮಿ.ಮೀ. ಗಾಡಿ ಸರಿಯಾಗಿ ಓಡಿತಾ? ಹಾಗಿದ್ದರೆ ಕಿಟ್ ಹಾಕಲು ಅದು ಸಿದ್ಧ. ಆಗಲೂ ಮಿಸ್ಸಿಂಗ್ ಇದ್ದರೆ ತೊಂದರೆ ಬೇರೆ ಕಡೆ ಇದೆ. ಕಾರ್ಬುರೇಟರ್ ಇರಬಹುದು, ವಾಲ್ವ್ ಇರಬಹುದು. ಆ ಸ್ಥಿತಿಯಲ್ಲಿ ಕಿಟ್ ಹಾಕಿದರೆ ಅನುಮಾನ ಪಡಲು ಇನ್ನೊಂದು ವಸ್ತು ಸೇರಿಸಿಕೊಂಡ ಹಾಗೆ.

ಮುಂದೆ ಮಲ್ಟಿಮೀಟರ್ ಕೆಲಸ. ಇಲ್ಲಿ ಆತುರ ಬೇಡ, ಕಿಟ್‌ಗಳು ಸಾಯುವುದು ಜಾಸ್ತಿ ಇಲ್ಲೇ.

ಮೊದಲು ಅರ್ಥ್ ಯಾವುದು ಅಂತ ನೋಡಿ. ಹಳೇ ಇಂಗ್ಲಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಮೈಗೆ ಸೇರಿರುವುದು, ಅಂದರೆ ಪಾಸಿಟಿವ್ ಅರ್ಥ್, ಮಾಮೂಲಿ. ಎಂಜಿಬಿ ಕಾರು ನೆಗೆಟಿವ್ ಅರ್ಥ್‌ಗೆ ಬಂದದ್ದೇ 1967ರಲ್ಲಿ. ಕಿಟ್‌ಗಳು ಎರಡಕ್ಕೂ ಬೇರೆ ಬೇರೆ. ತಲೆಕೆಳಗಾಗಿ ಕೊಟ್ಟರೆ ಮಾಡ್ಯೂಲ್ ಹೋಗಲು ಒಂದು ಕ್ಷಣ ಸಾಕು. ಪುಸ್ತಕ ನೋಡಿ ತೀರ್ಮಾನ ಮಾಡಬೇಡಿ, ನಿಮಗಿಂತ ಮುಂಚಿನ ಮಾಲೀಕರು ಅದನ್ನು ಬದಲಿಸಿರಬಹುದು. ಬ್ಯಾಟರಿ ಮೇಲಿನ ಗುರುತು ನೋಡಿ, ಯಾವ ಕೇಬಲ್ ಕಾರಿನ ಮೈಗೆ ಹೋಗಿದೆ ಅಂತ ಕಣ್ಣಾರೆ ಹುಡುಕಿ. 6 ವೋಲ್ಟ್ ಕಾರಾದರೆ 6 ವೋಲ್ಟ್‌ನ ಕಿಟ್ಟೇ ಬೇಕು.

ಎರಡನೇದು ಕಾಯಿಲ್. ಅದರ ಎರಡು ಸಣ್ಣ ವೈರ್ ಬಿಚ್ಚಿ, ಆ ತುದಿಗಳ ನಡುವೆ ಓಮ್ ಅಳೆಯಿರಿ. ಅಳೆಯುವ ಮುಂಚೆ ಮೀಟರ್‌ನ ಎರಡು ಮುಳ್ಳನ್ನು ಒಂದಕ್ಕೊಂದು ತಾಗಿಸಿ ಎಷ್ಟು ತೋರಿಸುತ್ತದೆ ನೋಡಿ, 0.3 ತೋರಿಸಿದರೆ ಅದನ್ನು ಕಳೆಯಿರಿ. ಸುಮಾರು 3 ಓಮ್ ಬಂದರೆ ಅದು ನೇರ 12 ವೋಲ್ಟ್‌ನ ಕಾಯಿಲ್. 1.5ರ ಹತ್ತಿರ ಬಂದರೆ ಅದಕ್ಕೆ ಮುಂದೆ ಬ್ಯಾಲಸ್ಟ್, ಅಂದರೆ ಕರೆಂಟ್ ತಗ್ಗಿಸುವ ರೆಸಿಸ್ಟರ್, ಬೇಕು. 12 ವೋಲ್ಟ್‌ಗೆ 3 ಓಮ್ ಅಂದರೆ 4 ಆಂಪಿಯರ್. 1.5 ಓಮ್ ಅಂದರೆ 8. ಸಣ್ಣ ಮಾಡ್ಯೂಲ್‌ಗಳು 8 ಆಂಪಿಯರ್ ತಡೆದುಕೊಳ್ಳಲಾರವು. ಕಿಟ್ ಜೊತೆ ಬಂದ ಕಾಗದದಲ್ಲಿ ಕಾಯಿಲ್‌ಗೆ ಕನಿಷ್ಠ ಎಷ್ಟು ಓಮ್ ಇರಬೇಕು ಅಂತ ಬರೆದಿರುತ್ತಾರೆ. ಅದನ್ನು ಓದದೆ ಮುಂದೆ ಹೋಗಬೇಡಿ.

ಈ ಬ್ಯಾಲಸ್ಟ್ ಒಂದು ಕಣ್ಣುಮುಚ್ಚಾಲೆ ಆಡುತ್ತದೆ. ಕೆಲವು ಕಾರಲ್ಲಿ ಅದು ಬಿಳಿ ಪಿಂಗಾಣಿಯ ತುಂಡಾಗಿ ಕಾಣುತ್ತದೆ. ಕೆಲವು ಕಾರಲ್ಲಿ ವೈರಿಂಗ್ ಒಳಗೇ ಸೇರಿದ ಉದ್ದನೆಯ ತಂತಿ, ಕಣ್ಣಿಗೇ ಬೀಳಲ್ಲ. ಇಗ್ನಿಷನ್ ಆನ್ ಮಾಡಿ ಕಾಯಿಲ್‌ಗೆ ಬರುವ ವೈರ್ ಹತ್ತಿರ ಅಳೆದರೆ 12 ವೋಲ್ಟ್ ತೋರಿಸುತ್ತದೆ. ಬ್ಯಾಲಸ್ಟ್ ಇಲ್ಲ ಅಂದುಕೊಳ್ಳುತ್ತೀರಿ. ಆದರೆ ಆಗ ಪಾಯಿಂಟ್ ತೆರೆದಿದ್ದರೆ ಕರೆಂಟೇ ಹರಿಯುತ್ತಿಲ್ಲ, ವೋಲ್ಟೇಜ್ ಇಳಿಯುವುದು ಹೇಗೆ? ಇಂಜಿನನ್ನು ಕೈಯಲ್ಲಿ ತಿರುಗಿಸಿ ಪಾಯಿಂಟ್ ಮುಚ್ಚಿಸಿ, ಮತ್ತೆ ಅಳೆಯಿರಿ. ಈಗ 6ರಿಂದ 8 ವೋಲ್ಟ್ ತೋರಿಸಿದರೆ ಬ್ಯಾಲಸ್ಟ್ ಇದೆ. ಪಾಯಿಂಟ್ ತೆಗೆದ ಮೇಲೆ ಈ ಪರೀಕ್ಷೆ ಇಷ್ಟು ಸುಲಭ ಅಲ್ಲ, ಮುಂಚೆಯೇ ಮಾಡಿಕೊಳ್ಳಿ. ಬ್ಯಾಲಸ್ಟ್ ಇದ್ದರೆ ಮಾಡ್ಯೂಲ್‌ಗೆ ಕರೆಂಟ್ ಕೊಡುವ ಕೆಂಪು ವೈರನ್ನು ಕಾಯಿಲ್ ಹತ್ತಿರ ಸೇರಿಸಬೇಡಿ. ಬ್ಯಾಲಸ್ಟ್‌ಗೂ ಮುಂಚೆ, ಕೀ ಆನ್ ಮಾಡಿದಾಗ ಪೂರ್ತಿ 12 ವೋಲ್ಟ್ ಬರುವ ಕಡೆಯಿಂದ ಕೊಡಿ. ಕಡಿಮೆ ವೋಲ್ಟೇಜ್‌ನಲ್ಲಿ ಮಾಡ್ಯೂಲ್ ಒಮ್ಮೊಮ್ಮೆ ಕೆಲಸ ಮಾಡುತ್ತದೆ, ಒಮ್ಮೊಮ್ಮೆ ಇಲ್ಲ. ಇಂಥ ಅರೆಬರೆ ತೊಂದರೆ ಹುಡುಕುವುದೇ ಎಲ್ಲಕ್ಕಿಂತ ಕಷ್ಟ.

ಕೂರಿಸುವ ಕೆಲಸ ಅರ್ಧ ಗಂಟೆಯದ್ದು. ಬ್ಯಾಟರಿ ವೈರ್ ಬಿಚ್ಚಿ. ಮೊದಲನೇ ಸಿಲಿಂಡರ್‌ನ ಪಿಸ್ಟನ್ ಕಂಪ್ರೆಷನ್‌ನಲ್ಲಿ ಮೇಲೆ ಬರುವಂತೆ ಇಂಜಿನ್ ತಿರುಗಿಸಿ ಟೈಮಿಂಗ್ ಗುರುತು ಕೂಡಿಸಿ. ರೋಟರ್ ಯಾವ ಕಡೆ ನೋಡುತ್ತಿದೆ ಅಂತ ಫೋಟೋ ತೆಗೆದುಕೊಳ್ಳಿ. ಪಾಯಿಂಟ್, ಕಂಡೆನ್ಸರ್ ಎರಡೂ ತೆಗೆಯಿರಿ. ಕಂಡೆನ್ಸರನ್ನು ಅಲ್ಲೇ ಬಿಡಬೇಡಿ, ಮಾಡ್ಯೂಲ್‌ಗೆ ಅದರ ಅಗತ್ಯ ಇಲ್ಲ. ಪ್ಲೇಟ್ ಒರೆಸಿ, ಮಾಡ್ಯೂಲ್ ಕೂರಿಸಿ, ಉಂಗುರವನ್ನು ಕ್ಯಾಮ್ ಮೇಲೆ ಒತ್ತಿ. ಅದು ಕ್ಯಾಮ್‌ನ ಮೂಲೆಗಳಿಗೆ ಸರಿಯಾಗಿ ಕಚ್ಚಿಕೊಳ್ಳಬೇಕು. ರೋಟರ್ ಮುಂಚಿನಷ್ಟೇ ಕೆಳಗೆ ಕೂತಿದೆಯಾ ನೋಡಿ. ಎತ್ತರ ಉಳಿದರೆ ಕ್ಯಾಪ್‌ಗೆ ಬಡಿಯುತ್ತದೆ. ಉಂಗುರಕ್ಕೂ ಮಾಡ್ಯೂಲ್‌ಗೂ ನಡುವಿನ ಅಂತರವನ್ನು ಕಿಟ್ ಜೊತೆ ಬಂದ ಪ್ಲಾಸ್ಟಿಕ್ ಪಟ್ಟಿಯಿಂದಲೇ ಕಟ್ಟಿ. ಗ್ಯಾಪ್ ಅಳೆಯುವ ಕಬ್ಬಿಣದ ಪಟ್ಟಿ, ಫೀಲರ್ ಗೇಜ್, ಅಯಸ್ಕಾಂತಕ್ಕೆ ಅಂಟಿಕೊಂಡು ಲೆಕ್ಕ ತಪ್ಪಿಸುತ್ತದೆ.

ವೈರ್ ಹೊರಗೆ ತರುವಾಗ ಒಳಗೆ ಸ್ವಲ್ಪ ಸಡಿಲ ಬಿಡಿ. ವ್ಯಾಕ್ಯೂಮ್‌ಗೆ ಪ್ಲೇಟ್ ಸರಿಯುತ್ತದೆ, ಬಿಗಿ ಇದ್ದರೆ ಎಳೆದು ಎಳೆದು ವೈರ್ ತುಂಡಾಗುತ್ತದೆ.

ಈ ಪ್ಲೇಟ್ ವಿಷಯದಲ್ಲಿ ನನ್ನ ಅನುಭವ ಹೇಳಬೇಕು. ನನ್ನ ಕಾರಿಗೆ ಕಿಟ್ ಹಾಕಿ ಎರಡು ವಾರ ಆಗಿತ್ತು. ಐಡ್ಲಿಂಗ್ ಗಡಿಯಾರದ ಹಾಗೆ. ಆದರೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೆಮ್ಮಿ ಸತ್ತೇ ಹೋಗುತ್ತಿತ್ತು. ಕಾಲು ಬಿಟ್ಟರೆ ಮತ್ತೆ ಹಿಡಿಯುತ್ತಿತ್ತು. ನೋಡಿದವರೆಲ್ಲ ಮಾಡ್ಯೂಲ್ ಹೋಗಿದೆ ಅಂದರು. ನಾನೂ ಹಾಗೇ ನಂಬಿ ಎರಡನೇ ಮಾಡ್ಯೂಲ್ ತಂದು ಹಾಕಿದೆ. ಅದೂ ಹಾಗೇ. ಆ ಸಂಜೆ ತುಂಬಾ ಬೇಜಾರಾಗಿತ್ತು. ಮರುದಿನ ಕ್ಯಾಪ್ ತೆಗೆದು, ಮೀಟರ್‌ನ ಒಂದು ಮುಳ್ಳು ಪ್ಲೇಟ್‌ಗೆ, ಇನ್ನೊಂದು ಡಿಸ್ಟ್ರಿಬ್ಯೂಟರ್ ಮೈಗೆ ಇಟ್ಟು, ವ್ಯಾಕ್ಯೂಮ್ ಪೈಪ್‌ನಲ್ಲಿ ಉಸಿರು ಎಳೆಯುತ್ತಾ ನೋಡಿದೆ. ಪ್ಲೇಟ್ ಒಂದು ಜಾಗಕ್ಕೆ ಬಂದಾಗ ಸೊನ್ನೆ ಓಮ್ ಇದ್ದದ್ದು ಪೂರ್ತಿ ತುಂಡು ಅಂತ ತೋರಿಸಿತು. ಪ್ಲೇಟ್‌ನಿಂದ ಮೈಗೆ ಹೋಗುವ, ಬೆರಳುದ್ದವೂ ಇಲ್ಲದ ಹೆಣೆದ ಅರ್ಥ್ ವೈರ್ ಬಟ್ಟೆಯ ಹೊದಿಕೆಯೊಳಗೆ ತುಂಡಾಗಿತ್ತು. ಹೊರಗಿನಿಂದ ನೋಡಿದರೆ ಸರಿಯಾಗೇ ಇತ್ತು. ಸುತ್ತ ಬಟ್ಟೆ ಬಿಡಿಸಿದಾಗ ಹಸಿರು ತಿರುಗಿದ ಎರಡು ಎಳೆ ಮಾತ್ರ ಒಂದಕ್ಕೊಂದು ತಾಗಿಕೊಂಡಿದ್ದವು. ಆ ಪುಟ್ಟ ವೈರ್ ಬದಲಿಸಿದೆ. ಮೊದಲಿನ ಮಾಡ್ಯೂಲನ್ನೇ ವಾಪಸ್ ಹಾಕಿದೆ. ಇವತ್ತಿಗೂ ಅದೇ ಓಡುತ್ತಿದೆ.

ಪಾಯಿಂಟ್ ಮೇಲೂ ಆ ವೈರ್ ತೊಂದರೆ ಕೊಡುತ್ತಿತ್ತು. ನಾನು ಮೊದಲೇ ನೋಡಿಕೊಂಡಿರಲಿಲ್ಲ. ಮೊದಲು ಪಾಯಿಂಟ್ ಮೇಲೆ ಚೆನ್ನಾಗಿ ಓಡಿಸಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಆ ಎರಡು ವಾರದಿಂದ.

ಕೂರಿಸಿದ ಮೇಲೆ ಟೈಮಿಂಗ್ ಮತ್ತೆ ಕಟ್ಟಲೇಬೇಕು. ಸೆನ್ಸರ್ ಕೆಲಸ ಮಾಡುವ ಕ್ಷಣವೂ ಪಾಯಿಂಟ್ ತೆರೆಯುತ್ತಿದ್ದ ಕ್ಷಣವೂ ಒಂದೇ ಅಲ್ಲ, ಹತ್ತು ಡಿಗ್ರಿ ಆಚೆ ಈಚೆ ಆದರೂ ಆಶ್ಚರ್ಯ ಇಲ್ಲ. ಸ್ಟಾರ್ಟ್ ಆಯಿತಲ್ಲ ಅಂತ ಹಾಗೇ ಬಿಟ್ಟು ದೂರ ಹೋಗಬೇಡಿ. ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಾಯಿ ಮುಚ್ಚಿ, ಕಿಡಿ ಹಾರಿದಾಗೆಲ್ಲ ಮಿಂಚುವ ಟೈಮಿಂಗ್ ಲೈಟ್ ಹಿಡಿದು ಐಡ್ಲಿಂಗ್‌ನಲ್ಲಿ ನಿಮ್ಮ ಇಂಜಿನ್‌ಗೆ ಹೇಳಿದ ಡಿಗ್ರಿಗೆ ತನ್ನಿ. ಆಮೇಲೆ ಮೆಲ್ಲಗೆ 3000ಕ್ಕೆ ಏರಿಸಿ, ಗುರುತು ನಯವಾಗಿ ಮುಂದೆ ಸರಿಯುತ್ತದಾ ನೋಡಿ. ಪಾಯಿಂಟ್ ಕಾಲದಲ್ಲಿ ಆ ಗುರುತು ಲೈಟ್‌ನಲ್ಲಿ ನಡುಗುತ್ತಿತ್ತು. ಈಗ ಕೆತ್ತಿ ಇಟ್ಟ ಹಾಗೆ ನಿಲ್ಲುತ್ತದೆ. ನನಗೆ ಈ ಇಡೀ ಕೆಲಸದಲ್ಲಿ ಅತಿ ಖುಷಿ ಕೊಡುವ ಗಳಿಗೆ ಅದು.

ಆರ್‌ಪಿಎಂ ಮುಳ್ಳು ಸತ್ತರೆ ಗಾಬರಿ ಬೇಡ. ಕೆಲವು ಹಳೇ ಮೀಟರ್‌ಗಳು ಕಾಯಿಲ್‌ಗೆ ಹೋಗುವ ಕರೆಂಟಿನ ಬಡಿತ ಎಣಿಸುತ್ತವೆ. ಅವಕ್ಕೆ ಹೊಸ ಕಿಟ್‌ನ ಬಡಿತ ಸರಿಯಾಗಿ ಕೇಳಿಸದೆ ಇರಬಹುದು. ಒಳಗಿನ ಸರ್ಕ್ಯೂಟ್ ಬದಲಿಸಿಕೊಳ್ಳಬಹುದು.

ಇಂಜಿನ್ ನಿಂತಿರುವಾಗ ಕೀ ಆನ್ ಇಟ್ಟು ಹೋಗಬೇಡಿ. ರೇಡಿಯೋ ಕೇಳಲೂ ಬೇಡ. ಕಾಯಿಲ್‌ನಲ್ಲಿ ಕರೆಂಟ್ ಹರಿಯುತ್ತಾ ಉಳಿದರೆ ಕಾಯಿಲ್, ಮಾಡ್ಯೂಲ್ ಎರಡೂ ಕಾಯುತ್ತವೆ. ಕಾರಿನ ಮೈಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಬಿಚ್ಚಿ. ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಓಡುತ್ತಿರುವ ಇಂಜಿನ್‌ನ ಇಗ್ನಿಷನ್ ಹತ್ತಿರ ಬಗ್ಗಿ ಕೆಲಸ ಮಾಡಬಾರದು. ಬೇರೆಯವರ ಕೈಲಿ ಮಾಡಿಸಿ.

ಕೊನೆಗೆ, ಮುಂದಿನ ಸಾಲಿನಿಂದ ಒಬ್ಬರು ಆಗಲೇ ಕೇಳಿದರು, ತೆಗೆದ ಪಾಯಿಂಟ್ ಏನು ಮಾಡಲಿ ಅಂತ. ಬಿಸಾಕಬೇಡಿ. ಪಾಯಿಂಟ್ ಸವೆಯುವಾಗ ಮುಂಚೆಯೇ ಸೂಚನೆ ಕೊಡುತ್ತದೆ. ಮಾಡ್ಯೂಲ್ ಹೋದರೆ ಒಮ್ಮೆಲೇ ಹೋಗುತ್ತದೆ, ದಾರಿ ಬದಿಯಲ್ಲಿ ಅದನ್ನು ಬಿಚ್ಚಿ ಸರಿಮಾಡಲು ಆಗಲ್ಲ. ಅದಕ್ಕೇ ಡಿಕ್ಕಿಯಲ್ಲಿ ಒಂದು ಡಬ್ಬಿ ಇಡಿ. ನೀವು ನಾಲ್ಕು ದಿನ ಓಡಿಸಿ ಸರಿ ಇದೆ ಅಂತ ಕಂಡುಕೊಂಡ ಆ ಹೊಸ ಪಾಯಿಂಟ್, ಅದೇ ಕಂಡೆನ್ಸರ್, ಅವುಗಳ ಸ್ಕ್ರೂ, ಫೀಲರ್ ಗೇಜ್, ಗಿಡ್ಡ ಸ್ಕ್ರೂಡ್ರೈವರ್, ಕ್ಯಾಮ್‌ಗೆ ಸವರಲು ಚಿಟಿಕೆ ಗ್ರೀಸ್. ಪಾಯಿಂಟ್ ಮುಖಗಳ ನಡುವೆ ಒಂದು ತುಂಡು ಕಾಗದ ಸಿಕ್ಕಿಸಿಡಿ. ಡಿಸ್ಟ್ರಿಬ್ಯೂಟರ್ ಮೈ ಮೇಲೆ ಎರಡು ಗೆರೆ ಗೀಚಿಟ್ಟುಕೊಳ್ಳಿ, ಒಂದು ಪಾಯಿಂಟ್ ಟೈಮಿಂಗ್‌ಗೆ, ಇನ್ನೊಂದು ಕಿಟ್‌ನ ಟೈಮಿಂಗ್‌ಗೆ. ಯಾವುದು ಯಾವುದಕ್ಕೆ ಅಂತ ಒಂದು ಚೀಟಿಯಲ್ಲಿ ಬರೆದು ಅದೇ ಡಬ್ಬಿಗೆ ಹಾಕಿ. ಕತ್ತಲಲ್ಲಿ ಟಾರ್ಚ್ ಹಿಡಿದು ಬಾನೆಟ್ ಎತ್ತಿದಾಗ ಆ ಗೆರೆ ಕೂಡಿಸಿ ಬೋಲ್ಟ್ ಬಿಗಿದರೆ ಆಯಿತು, ಗಾಡಿ ಮನೆಗೆ ಬರುತ್ತದೆ.